ಕಿವಿ ಕೇಳದ ಮಗುವಿನ ಮಾತೃಭಾಷೆ ಯಾವುದು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಶಾಲೆಯ ಇತಿಹಾಸವನ್ನೋ ಗತಿಸಿದ ಅಧ್ಯಾಪಕರ ಸ್ಮರಣೆಯನ್ನೋ ಅವರು ನನ್ನಿಂದ ನಿರೀಕ್ಷಿಸಿದ್ದರು. ಅವೆರಡನ್ನೂ ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ಕಾಸರಗೋಡಿನಂತಹ ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದು 50 ವರ್ಷ ಬಾಳಿತೆಂದರೆ ಅದರ ಹಿಂದೆ ಒಂದು ನಂಬಿಕೆ ಇದೆ. ಮಗುವಿಗೆ ಅದರದೇ ಭಾಷೆಯಲ್ಲಿ ವಿದ್ಯೆ ದೊರೆಯಬೇಕು ಎಂಬ ನಂಬಿಕೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ನಾವು ಸರಕಾರದ ಮುಂದೆ, ನ್ಯಾಯಾಲಯದ ಮುಂದೆ, ಪತ್ರಿಕೆಗಳಲ್ಲಿ ಹೇಳುತ್ತ ಬಂದುದೂ ಅದನ್ನೇ. ಆ ಮಾತನ್ನು ಕಿವಿ ಕೇಳದ ಮಕ್ಕಳಿಗೂ ಅನ್ವಯಿಸಿ ನೋಡಿದರೆ ಏನಾದೀತು ಎಂಬ ಪ್ರಶ್ನೆ ಬಹಳ ಕಾಲದಿಂದ ನನ್ನ ಮನಸ್ಸಿನಲ್ಲಿದೆ. ಅದನ್ನೇ ಇಲ್ಲಿ ಕೊಂಚ ವಿಸ್ತಾರವಾಗಿ ವಿವರಿಸಲು ಯತ್ನಿಸಿದ್ದೇನೆ.

ಮೊದಲು ಪದಗಳ ವಿಚಾರ. ನಮ್ಮ ಸುತ್ತಲಿನ ಭಾಷೆಗಳೆಲ್ಲವೂ ಈ ಮಕ್ಕಳಿಗೆ ಒಂದೇ ತೆರನಾದ ಅನ್ಯಾಯವನ್ನು ಮಾಡಿವೆ. ಮಲಯಾಳದ ‘ಪೊಟ್ಟನ್’, ತುಳುವಿನ ‘ಪೊಟ್ಟೆ’ ಎಂಬ ಮಾತುಗಳಿಗೆ ಕಿವಿ ಕೇಳದ, ಮಾತು ಬಾರದ ವ್ಯಕ್ತಿ ಎಂಬ ಅರ್ಥದ ಜೊತೆಗೆ ದಡ್ಡ ಎಂಬ ಅರ್ಥವೂ ಅಂಟಿಕೊಂಡಿದೆ. ಇಂಗ್ಲಿಷಿನ ‘ಡಂಬ್’ ಪದದ ಕಥೆಯೂ ಅದೇ. ಕನ್ನಡಿಗರಾದ ನಾವು ವ್ಯರ್ಥ ಪ್ರಯತ್ನಕ್ಕೆ ಉಪಮೆ ಬೇಕಾದಾಗ ಕಿವುಡನ ಮುಂದೆ ಶಂಖ ಊದಿದಂತೆ ಎನ್ನುತ್ತೇವೆ. ಆದರೆ ಇದೇ ಉತ್ತರ ಮಲಬಾರಿನಲ್ಲಿ ಪೊಟ್ಟನ್ ತೆಯ್ಯಂ ಎಂಬ ದೈವವೂ ಇದೆ. ಪೊಟ್ಟನೆನಿಸಿಕೊಂಡ ಆ ಚಂಡಾಲನು ದಾರಿಯಲ್ಲಿ ಶಂಕರಾಚಾರ್ಯರನ್ನು ತಡೆದು ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳಿದನೆಂದು ಪ್ರತೀತಿ. ನಮ್ಮ ಪೂರ್ವಿಕರಲ್ಲಿ ಯಾರೋ ಕೆಲವರಿಗೆ ಸತ್ಯ ಹೊಳೆದಿತ್ತೆಂದು ಕಾಣುತ್ತದೆ.

‘ಕಿವುಡ-ಮೂಗ’ ಎಂಬ ಜೋಡುಪದವಂತೂ ಶಾಸ್ತ್ರೀಯವಾಗಿಯೇ ತಪ್ಪು. ಹುಟ್ಟು ಕಿವುಡರಲ್ಲಿ ಬಹುಪಾಲು ಮಂದಿಯ ಗಂಟಲು, ನಾಲಗೆ, ಧ್ವನಿತಂತುಗಳು ನಮ್ಮವುಗಳಂತೆಯೇ ಸರಿಯಾಗಿರುತ್ತವೆ. ಮಗು ಮಾತನ್ನು ಕೇಳಿ ಕಲಿಯುತ್ತದೆ. ಕೇಳದಿದ್ದರೆ ಕಲಿಯುವ ದಾರಿ ಮುಚ್ಚುತ್ತದೆ. ಮೂಕತನವೆಂದು ನಾವು ಕರೆಯುವುದು ಬಾಯಿಯ ದೋಷವಲ್ಲ, ಕೇಳದಿರುವುದರ ಪರಿಣಾಮ.

ಕಿವಿ ಕೆಲಸ ಮಾಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕು. ಗಾಳಿಯಲ್ಲಿ ಬಂದ ಶಬ್ದದ ಅಲೆ ಹೊರಗಿವಿಯ ನಾಳದ ಮೂಲಕ ಸಾಗಿ ಕಿವಿಯ ತಮಟೆಯನ್ನು ಕಂಪಿಸುತ್ತದೆ. ಆ ಕಂಪನವನ್ನು ಮೂರು ಪುಟ್ಟ ಎಲುಬುಗಳು ಒಳಗಿವಿಗೆ ದಾಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ, ದ್ರವ ತುಂಬಿದ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗಿನ ಸುಮಾರು 15,000 ಸೂಕ್ಷ್ಮ ಕೇಶಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ಶ್ರವಣ ನರವು ಅದನ್ನು ಮಿದುಳಿಗೆ ಒಯ್ಯುತ್ತದೆ. ಹೊರಗಿವಿ, ನಡುಗಿವಿಗಳಲ್ಲಿ ತೊಂದರೆಯಿದ್ದರೆ, ಅಂದರೆ ಕಿವಿ ಸೋರುವುದು, ತಮಟೆ ತೂತಾಗುವುದು, ಎಲುಬು ಬಿಗಿಯುವುದು ಇಂಥವುಗಳಿದ್ದರೆ, ಔಷಧದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಬಹುಮಟ್ಟಿಗೆ ಸರಿಪಡಿಸಬಹುದು. ಕೇಶಕೋಶಗಳು ನಾಶವಾದರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಹುಟ್ಟಿನಿಂದ ಬರುವ ತೀವ್ರ ಕಿವುಡು ಸಾಮಾನ್ಯವಾಗಿ ಈ ಎರಡನೆಯ ಬಗೆಯದು. ಅನುವಂಶೀಯತೆ, ಸೋದರ ಸಂಬಂಧದ ಮದುವೆ, ಗರ್ಭಿಣಿಗೆ ತಗಲಿದ ರುಬೆಲ್ಲಾ, ಹುಟ್ಟಿದ ಕೂಡಲೇ ಬಂದ ತೀವ್ರ ಕಾಮಾಲೆ, ಮೆದುಳು ಜ್ವರ, ಸ್ಟ್ರೆಪ್ಟೊಮೈಸಿನ್‌ನಂತಹ ಕೆಲವು ಔಷಧಗಳ ದುಷ್ಪರಿಣಾಮ, ಇವೆಲ್ಲ ಅದರ ಕಾರಣಗಳಲ್ಲಿ ಸೇರಿವೆ. ಪೂರ್ವಜನ್ಮದ ಕರ್ಮವೂ ನಾಗದೋಷವೂ ಈ ಪಟ್ಟಿಯಲ್ಲಿ ಇಲ್ಲ.

ನಾವು ಪರಸ್ಪರ ಎದುರು ಕುಳಿತು ಆಡುವ ಮಾತಿನ ಪ್ರಮಾಣ ಸುಮಾರು 60 ಡೆಸಿಬೆಲ್. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್‌ನಷ್ಟು ಶ್ರವಣಶಕ್ತಿ ಇಲ್ಲದವರು ಕಿವುಡರು, 60ರಿಂದ 70ರ ನಡುವಿನವರು ಮಂದಶ್ರವಣದವರು. ಮಾತು ಇಂಥವರ ಕಿವಿಯನ್ನು ಮುಟ್ಟುವುದೇ ಇಲ್ಲ, ಅಥವಾ ಗೋಡೆಯಾಚೆಯ ಗೊಣಗಾಟದಂತೆ ಮುಟ್ಟುತ್ತದೆ. 2011ರ ಜನಗಣತಿಯಲ್ಲಿ ಭಾರತದಲ್ಲಿ ಶ್ರವಣದೋಷವುಳ್ಳವರೆಂದು ದಾಖಲಾದವರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು.

ಇವರಿಗೆ ಏನು ಬೇಕು? ಮಾತು ಬೇಕು ಎಂದು ತಾಯಂದಿರು ಹೇಳುತ್ತಾರೆ. ಮಗು ‘ಅಮ್ಮ’ ಎಂದು ಕರೆಯಬೇಕೆಂಬ ಆಸೆಗಿಂತ ಸಹಜವಾದುದು ಯಾವುದಿದೆ! ಆದರೆ ಮಾತು ಬೇರೆ, ಭಾಷೆ ಬೇರೆ. ಇದು ಈ ವಿಷಯದ ತಿರುಳು. ಮಾತು ಎಂಬುದು ಭಾಷೆಯನ್ನು ಹೊರಗೆಡಹುವ ಒಂದು ವಿಧಾನ, ಬರಹ ಇನ್ನೊಂದು. ಭಾಷೆಯೆಂಬುದು ಮನಸ್ಸಿನೊಳಗೆ ಜಗತ್ತನ್ನು ವಿಂಗಡಿಸಿ, ಹೆಸರಿಟ್ಟು, ನಿನ್ನೆ-ನಾಳೆಗಳನ್ನು ಪೋಣಿಸಿ, ‘ಹೀಗಾದರೆ ಹಾಗೆ’ ಎಂದು ತರ್ಕಿಸುವ ಶಕ್ತಿ. ಅದು ನೆಲೆಗೊಳ್ಳುವ ಕಾಲ ಮಗುವಿನ ಮೊದಲ ನಾಲ್ಕೈದು ವರ್ಷಗಳು. ಆ ವರ್ಷಗಳಲ್ಲಿ ಕಿವಿಯ ಮೂಲಕವೋ ಕಣ್ಣಿನ ಮೂಲಕವೋ ಒಂದು ಪೂರ್ಣ ಭಾಷೆ ಮಗುವಿಗೆ ದಕ್ಕಬೇಕು. ದಕ್ಕದಿದ್ದರೆ ಆಗುವ ನಷ್ಟ ಕಿವುಡಿನಿಂದ ಆದುದಲ್ಲ, ಭಾಷೆಯಿಲ್ಲದುದರಿಂದ ಆದುದು.

ತುಟಿಯ ಚಲನೆಯನ್ನು ನೋಡಿ ಅರ್ಥಮಾಡಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಓದುಗರು ದಯವಿಟ್ಟು ಕನ್ನಡಿಯ ಮುಂದೆ ನಿಂತು, ಧ್ವನಿ ಹೊರಡಿಸದೆ, ‘ಬರ’, ‘ಮರ’, ‘ಪರ’ ಎಂದು ಹೇಳಿನೋಡಬೇಕು. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ‘ಕಲ್ಲು’, ‘ಹಲ್ಲು’ ಎಂಬಲ್ಲಿ ವ್ಯತ್ಯಾಸವೆಲ್ಲ ಗಂಟಲಿನಲ್ಲಿ. ಕಣ್ಣಿಗೆ ಏನೂ ಕಾಣದು. ಈಗಾಗಲೇ ಭಾಷೆ ಬಲ್ಲವನು ಸಂದರ್ಭದಿಂದ ಊಹಿಸಿ ಅಂತರವನ್ನು ತುಂಬಿಕೊಳ್ಳುತ್ತಾನೆ. ಭಾಷೆಯನ್ನೇ ಅರಿಯದ ಮಗು ಯಾವುದರಿಂದ ಊಹಿಸಬೇಕು?

ಬರಹದ ಕಷ್ಟವೂ ಇಂಥದೇ, ಅದನ್ನು ಅಧ್ಯಾಪಕನಾಗಿ ನಾನು ಹತ್ತಿರದಿಂದ ಕಂಡಿದ್ದೇನೆ. ಕನ್ನಡವು ನುಡಿದಂತೆ ಬರೆಯುವ, ಬರೆದಂತೆ ನುಡಿಯುವ ಭಾಷೆಯೆಂದು ನಾವು ಹೆಮ್ಮೆಪಡುತ್ತೇವೆ. ನುಡಿಯನ್ನೇ ಕೇಳದ ಮಗುವಿಗೆ ಆ ಗುಣದಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಅದು ‘ಹಸು’ ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುವುದಿಲ್ಲ; ಒಂದು ಚಿತ್ರದಂತೆ ನೆನಪಿಡುತ್ತದೆ. ‘ಹಸುವನ್ನು’, ‘ಹಸುವಿಗೆ’, ‘ಹಸುವಿನಿಂದ’ ಎಂದೊಡನೆ ಚಿತ್ರ ಬದಲಾಗಿಬಿಡುತ್ತದೆ. ನಮ್ಮ ಬಾಯಿಯಲ್ಲಿ ಸಲೀಸಾಗಿ ಉದುರುವ ವಿಭಕ್ತಿ ಪ್ರತ್ಯಯಗಳು ಆ ಮಗುವಿನ ಬರಹದಲ್ಲಿ ಒಂದೊಂದಾಗಿ ಬಿದ್ದುಹೋಗುವುದು ಬುದ್ಧಿಯ ಕೊರತೆಯಿಂದಲ್ಲ.

ಹಾಗಾದರೆ ಕಣ್ಣಿನ ಮೂಲಕ ದಕ್ಕುವ ಪೂರ್ಣ ಭಾಷೆ ಯಾವುದು? ಸಂಜ್ಞಾ ಭಾಷೆ. ಈ ಹೆಸರು ಕೇಳಿದೊಡನೆ ಯಕ್ಷಗಾನವನ್ನು ನೋಡಿ ಬೆಳೆದ ನಮ್ಮವರಿಗೆ ವೇಷಧಾರಿಯ ಅಭಿನಯವೋ ನಾಟ್ಯದ ಹಸ್ತಮುದ್ರೆಗಳೋ ನೆನಪಾಗುತ್ತವೆ. ಸಂಜ್ಞಾ ಭಾಷೆ ಅದಲ್ಲ. ಅಭಿನಯವು ಹಾಡಿನ ಅರ್ಥವನ್ನು ಹಿಂಬಾಲಿಸುತ್ತದೆ. ಸಂಜ್ಞಾ ಭಾಷೆಯ ಹಿಂದೆ ಯಾವ ಹಾಡೂ ಇಲ್ಲ, ಅದೇ ಮೂಲ. ಕೈಯ ಆಕಾರ, ಅದನ್ನು ಹಿಡಿಯುವ ಸ್ಥಳ, ಅಂಗೈಯ ದಿಕ್ಕು, ಚಲನೆ ಇವುಗಳ ಜೋಡಣೆಯಿಂದ ಪದಗಳು ಹುಟ್ಟುತ್ತವೆ. ಇವುಗಳಲ್ಲಿ ಒಂದನ್ನು ಬದಲಿಸಿದರೆ ‘ಬರ’ ‘ಮರ’ವಾದಂತೆ ಅರ್ಥ ಬದಲಾಗುತ್ತದೆ. ಹುಬ್ಬು, ಕಣ್ಣು, ತಲೆಯಾಟಗಳು ಅಲಂಕಾರವಲ್ಲ, ವ್ಯಾಕರಣ. ಪ್ರಪಂಚಕ್ಕೆಲ್ಲ ಒಂದೇ ಸಂಜ್ಞಾ ಭಾಷೆಯಿದೆ ಎಂಬುದೂ ತಪ್ಪು ತಿಳಿವಳಿಕೆ. ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಜನರಾಡುವ ಮಾತು ಒಂದೇ ಇಂಗ್ಲಿಷ್ ಆಗಿದ್ದರೂ ಅಲ್ಲಿನ ಕಿವುಡರ ಭಾಷೆಗಳು ಒಂದಕ್ಕೊಂದು ಅರ್ಥವಾಗದಷ್ಟು ಬೇರೆ.

ನಮ್ಮದು ಭಾರತೀಯ ಸಂಜ್ಞಾ ಭಾಷೆ. ಅದರಲ್ಲಿ ಮೀಸೆಯನ್ನು ಸೂಚಿಸಿದರೆ ಗಂಡಸು, ಮೂಗುತಿಯ ಸ್ಥಾನವನ್ನು ಮುಟ್ಟಿದರೆ ಹೆಂಗಸು. ಅದರ ವಾಕ್ಯರಚನೆಯನ್ನು ತಿಳಿದಾಗ ನನಗೆ ಆದ ಸಂತೋಷವನ್ನು ಕನ್ನಡ ವ್ಯಾಕರಣ ಕಲಿಸಿದವರು ಅರ್ಥಮಾಡಿಕೊಂಡಾರು. ಇಂಗ್ಲಿಷಿನವನು ಪ್ರಶ್ನಪದವನ್ನು ವಾಕ್ಯದ ಮೊದಲಿಗಿಟ್ಟು, ನಡುವೆ ಒಂದು ಸಹಾಯಕ ಕ್ರಿಯಾಪದವನ್ನೂ ತುರುಕುತ್ತಾನೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ‘ನಿನ್ನ’, ‘ಹೆಸರು’, ‘ಏನು’ ಎಂಬ ಮೂರು ಸಂಜ್ಞೆಗಳು ಇದೇ ಕ್ರಮದಲ್ಲಿ ಬರುತ್ತವೆ. ಪ್ರಶ್ನೆ ಕೊನೆಗೆ, ನಿಷೇಧವೂ ಕೊನೆಗೆ, ನಾವು ‘ನನಗೆ ಚಹಾ ಬೇಡ’ ಎನ್ನುವಂತೆ. ಕನ್ನಡಿಗರಿಗೆ ಇದು ಪರಕೀಯವೆನಿಸಬೇಕಾಗಿಲ್ಲ. ಹಾಗೆಂದು ಅದು ಕನ್ನಡದ ನೆರಳೂ ಅಲ್ಲ, ಮಲಯಾಳದ ನೆರಳೂ ಅಲ್ಲ. ಪ್ರಾದೇಶಿಕ ಭೇದಗಳೊಡನೆ ದೇಶದ ಉದ್ದಗಲಕ್ಕೂ ಬಳಕೆಯಲ್ಲಿರುವ ಸ್ವತಂತ್ರ ಭಾಷೆ.

ಇಂತಹ ಭಾಷೆಯೊಂದನ್ನು ಶಾಲೆಗಳಿಂದ ಹೊರದಬ್ಬಿದ ಕಥೆ ಗಡಿನಾಡಿನವರಾದ ನಮಗೆ ತಿಳಿದಿರಬೇಕು. ಪ್ಯಾರಿಸಿನಲ್ಲಿ 1760ರ ಸುಮಾರಿಗೆ ಲೆಪೇ ಎಂಬ ಪಾದ್ರಿ ಇಬ್ಬರು ಕಿವುಡ ಸಹೋದರಿಯರಿಗೆ ಪಾಠ ಹೇಳತೊಡಗಿದರು. ಮುಂದೆ ಅದು ಬಡಮಕ್ಕಳಿಗೂ ತೆರೆದ ಉಚಿತ ಶಾಲೆಯಾಯಿತು. ಮಕ್ಕಳಿಗೆ ತನ್ನ ಭಾಷೆಯನ್ನು ಕಲಿಸುವ ಮೊದಲು ಅವರ ಸಂಜ್ಞೆಗಳನ್ನು ತಾನು ಕಲಿತದ್ದು ಅವರ ದೊಡ್ಡತನ. ಆ ಶಾಲೆಯಲ್ಲಿ ಓದಿ ಅಲ್ಲಿಯೇ ಅಧ್ಯಾಪಕರಾದ ಲಾರೆಂಟ್ ಕ್ಲರ್ಕ್ ಎಂಬ ಕಿವುಡರು, ಗ್ಯಾಲಡೆಟ್ ಎಂಬ ಅಮೆರಿಕನ್ ಧರ್ಮೋಪದೇಶಕರೊಡನೆ 1816ರಲ್ಲಿ ಹಡಗನ್ನೇರಿ ಅಟ್ಲಾಂಟಿಕ್ ದಾಟಿದರು. ಮರುವರ್ಷ ಹಾರ್ಟ್‌ಫರ್ಡಿನಲ್ಲಿ ಅಮೆರಿಕದ ಮೊದಲ ಶಾಶ್ವತ ಕಿವುಡರ ಶಾಲೆ ಆರಂಭವಾಯಿತು. 1864ರಲ್ಲಿ ವಾಷಿಂಗ್ಟನ್ನಿನ ಸಂಸ್ಥೆಯೊಂದಕ್ಕೆ ಕಿವುಡರಿಗೆ ಪದವಿ ನೀಡುವ ಅಧಿಕಾರವನ್ನು ಕೊಡುವ ಶಾಸನಕ್ಕೆ ಅಬ್ರಹಾಂ ಲಿಂಕನ್ ಸಹಿ ಹಾಕಿದರು. ಕಿವುಡರು ಅಧ್ಯಾಪಕರಾದರು, ಪತ್ರಿಕೆ ನಡೆಸಿದರು.

ಅದೇ ದೇಶದ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದ ಸಂಗತಿ ಇನ್ನೂ ಸ್ವಾರಸ್ಯಕರ. ಅನುವಂಶೀಯ ಕಿವುಡು ಅಲ್ಲಿ ತಲೆಮಾರುಗಳಿಂದ ಬಂದಿತ್ತು. 19ನೆಯ ಶತಮಾನದಲ್ಲಿ ಚಿಲ್‌ಮಾರ್ಕ್ ಎಂಬ ಅಲ್ಲಿನ ಒಂದು ಊರಿನಲ್ಲಿ ಸುಮಾರು 25 ಜನರಿಗೆ ಒಬ್ಬರು ಕಿವುಡರು. ಪರಿಣಾಮವಾಗಿ ಊರಿನವರೆಲ್ಲರೂ ಸಂಜ್ಞಾ ಭಾಷೆಯನ್ನು ಬಲ್ಲವರಾಗಿದ್ದರು. ಬೆಸ್ತರು ದೋಣಿಯಿಂದ ದೋಣಿಗೆ ಕೈಯಿಂದಲೇ ಮಾತಾಡುತ್ತಿದ್ದರು. ಕಿವುಡರು ಉಳಿದವರಂತೆ ಮದುವೆಯಾದರು, ಕೃಷಿ ಮಾಡಿದರು, ಊರಿನ ಆಡಳಿತದಲ್ಲಿ ಭಾಗವಹಿಸಿದರು. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯನ್ನು ಆಯಾಸವಿಲ್ಲದೆ ಆಡುವ ನಮ್ಮ ಕಾಸರಗೋಡಿಗರಿಗೆ ಇದು ನಂಬಲಸಾಧ್ಯವೆನಿಸದು.

ಬಳಿಕ 1880ರ ಸೆಪ್ಟೆಂಬರ್. ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಕುರಿತು ಅಂತಾರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಪ್ರತಿನಿಧಿಗಳು 164 ಮಂದಿ. ಅವರಲ್ಲಿ ಕಿವುಡರು ಒಬ್ಬರೇ. ಬಾಯಿಮಾತೇ ಶ್ರೇಷ್ಠ, ಸಂಜ್ಞೆಗಳು ಮಾತಿನ ಕಲಿಕೆಗೆ ಅಡ್ಡಿ, ಆದ್ದರಿಂದ ಶುದ್ಧ ಮೌಖಿಕ ಪದ್ಧತಿಯನ್ನೇ ಅನುಸರಿಸಬೇಕೆಂದು ಅಗಾಧ ಬಹುಮತದಿಂದ ನಿರ್ಣಯವಾಯಿತು. ಭಾಷೆಯೊಂದರ ಭವಿಷ್ಯವನ್ನು ಅದನ್ನಾಡದವರು ಕುಳಿತು ತೀರ್ಮಾನಿಸಿದರು. ದೂರವಾಣಿಯ ಸಂಶೋಧಕ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರ ತಾಯಿಯೂ ಪತ್ನಿಯೂ ಶ್ರವಣಶಕ್ತಿ ಕಳೆದುಕೊಂಡವರು. ಆದರೂ ಅವರು ಮೌಖಿಕ ಪದ್ಧತಿಯ ಪ್ರಬಲ ವಕೀಲರಾಗಿ ನಿಂತರು, ಕಿವುಡರು ಕಿವುಡರನ್ನೇ ಮದುವೆಯಾಗುವುದನ್ನು ವಿರೋಧಿಸಿ 1883ರಲ್ಲಿ ಪ್ರಬಂಧ ಮಂಡಿಸಿದರು. ಶಾಲೆಗಳಲ್ಲಿ ಕಿವುಡ ಅಧ್ಯಾಪಕರು ಕೆಲಸ ಕಳೆದುಕೊಂಡರು. ಕೈಯಾಡಿಸಿದ ಮಕ್ಕಳ ಬೆರಳುಗಳಿಗೆ ಏಟು ಬಿತ್ತು. ಮಕ್ಕಳು ಮಾಡಿದ್ದೇನು? ಶಯನಗೃಹದಲ್ಲಿ, ಆಟದ ಬಯಲಿನಲ್ಲಿ, ಅಧ್ಯಾಪಕರ ಬೆನ್ನ ಹಿಂದೆ ಕಿರಿಯರು ಹಿರಿಯರಿಂದ ತಮ್ಮ ಭಾಷೆಯನ್ನು ಕಲಿತರು. ಪಾಠಶಾಲೆಯಲ್ಲಿ ನಿಷೇಧಕ್ಕೊಳಗಾದ ಭಾಷೆ ಹಾಸ್ಟೆಲಿನಲ್ಲಿ ಬದುಕಿತು.

ಆ ನಿರ್ಣಯಗಳನ್ನು ಅದೇ ಸಮ್ಮೇಳನದ ಮುಂದಿನ ಪೀಳಿಗೆಯವರು ಅಧಿಕೃತವಾಗಿ ತಿರಸ್ಕರಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಮಧ್ಯೆ 130 ವರ್ಷಗಳು.

ಈ ನಡುವೆ ವಿಲಿಯಂ ಸ್ಟೋಕಿ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ವಾಷಿಂಗ್ಟನ್ನಿನ ಕಿವುಡರ ಕಾಲೇಜಿಗೆ ಪಾಠ ಹೇಳಲು ಬಂದವರು, ತಮ್ಮ ವಿದ್ಯಾರ್ಥಿಗಳ ಕೈಗಳನ್ನು ಗಮನಿಸಿ ಅದೊಂದು ವ್ಯಾಕರಣಬದ್ಧ ಭಾಷೆಯೆಂದು 1960ರಲ್ಲಿ ಪ್ರಕಟಿಸಿದರು. ಇನ್ನೊಂದು ಸಾಕ್ಷ್ಯ ಮಧ್ಯ ಅಮೆರಿಕದ ನಿಕರಾಗುವಾದಿಂದ ಬಂತು. ಅಲ್ಲಿ 1970ರ ದಶಕದ ಕೊನೆಯವರೆಗೆ ಕಿವುಡ ಮಕ್ಕಳು ತಂತಮ್ಮ ಮನೆಗಳಲ್ಲಿ ಚದುರಿಹೋಗಿದ್ದರು. ರಾಜಧಾನಿಯ ಶಾಲೆಗಳಲ್ಲಿ ಅವರನ್ನು ಒಟ್ಟುಗೂಡಿಸಿದಾಗ, ಅಧ್ಯಾಪಕರು ಕಲಿಸಲೆತ್ನಿಸಿದ್ದು ಸ್ಪ್ಯಾನಿಷ್ ತುಟಿಯೋದನ್ನು. ಮಕ್ಕಳು ತಮ್ಮತಮ್ಮೊಳಗೆ ಕಟ್ಟಿಕೊಂಡದ್ದು ಹೊಸದೊಂದು ಸಂಜ್ಞಾ ಭಾಷೆಯನ್ನು. ಮೊದಲ ತಂಡದವರ ಒರಟು ಸನ್ನೆಗಳನ್ನು ಅವರ ಹಿಂದೆ ಬಂದ ಎಳೆಯ ಮಕ್ಕಳು ವ್ಯಾಕರಣವುಳ್ಳ ಭಾಷೆಯಾಗಿ ಬೆಳೆಸಿದರು. ಯಾರೂ ಕಲಿಸದೆ ಭಾಷೆ ಹುಟ್ಟುವುದನ್ನು ವಿದ್ವಾಂಸರು ಕಣ್ಣಾರೆ ಕಂಡರು. ಮಕ್ಕಳನ್ನು ಒಂದೆಡೆ ಸೇರಿಸಿದ್ದಷ್ಟೇ ಶಾಲೆ ಮಾಡಿದ ಉಪಕಾರ, ಅದು ಸಣ್ಣದೇನಲ್ಲ.

ಭಾಷೆಗೆ ಮನ್ನಣೆ ದೊರೆತ ಮೇಲೆ ಅಧಿಕಾರದ ಪ್ರಶ್ನೆ ಬಂದೇ ಬರುತ್ತದೆ. ವಾಷಿಂಗ್ಟನ್ನಿನ ಅದೇ ಸಂಸ್ಥೆ ಈಗ ಗ್ಯಾಲಡೆಟ್ ವಿಶ್ವವಿದ್ಯಾಲಯ. ಅದರ ಅಧ್ಯಕ್ಷ ಪದವಿಗೆ 1988ರ ಮಾರ್ಚಿನಲ್ಲಿ ಮತ್ತೊಮ್ಮೆ ಕಿವಿ ಕೇಳುವ ವ್ಯಕ್ತಿಯನ್ನೇ ಆರಿಸಿದಾಗ ವಿದ್ಯಾರ್ಥಿಗಳು ದ್ವಾರಗಳನ್ನು ಮುಚ್ಚಿ ಒಂದು ವಾರ ಮುಷ್ಕರ ಹೂಡಿದರು. ಆಡಳಿತ ಮಂಡಳಿ ಮಣಿಯಿತು; ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. 124 ವರ್ಷ ಕಾಯಬೇಕಾಯಿತು.

ನಮ್ಮ ದೇಶದಲ್ಲಿ ಕಿವುಡರ ಶಾಲೆಗಳು ಮುಂಬಯಿಯಲ್ಲಿ 1880ರ ದಶಕದಲ್ಲಿ, ಕಲ್ಕತ್ತೆಯಲ್ಲಿ 1893ರಲ್ಲಿ ಆರಂಭವಾದವು. ಮಿಲಾನಿನ ಗಾಳಿಯೇ ಬೀಸುತ್ತಿದ್ದ ಕಾಲವಾದ್ದರಿಂದ ಮೌಖಿಕ ಪದ್ಧತಿಯೇ ಇಲ್ಲಿಯೂ ನೆಲೆಯೂರಿತು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪರೀಕ್ಷೆ, ಚಿಕಿತ್ಸೆ, ತರಬೇತಿಗಳಲ್ಲಿ ಮಾಡಿದ ಕೆಲಸ ಕನ್ನಡಿಗರ ಹೆಮ್ಮೆ. ಕಾಸರಗೋಡಿನಿಂದಲೂ ಎಷ್ಟೋ ಕುಟುಂಬಗಳು ಅಲ್ಲಿಗೆ ಹೋಗಿ ಬಂದಿವೆ. ಸಂಜ್ಞಾ ಭಾಷೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ದೆಹಲಿಯಲ್ಲಿ ಸ್ಥಾಪಿತವಾದದ್ದು 2015ರಲ್ಲಿ. ಅದು 2018ರಲ್ಲಿ 3,000 ಪದಗಳೊಂದಿಗೆ ಹೊರತಂದ ನಿಘಂಟು 2021ರ ವೇಳೆಗೆ 10,000 ಪದಗಳನ್ನು ತಲಪಿತು. 2016ರ ಕಾಯಿದೆ ಸಂಜ್ಞಾ ಭಾಷೆಯನ್ನು ಸಂವಹನದ ಸಾಧನವೆಂದು ಒಪ್ಪಿತು. ಸರಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಮೀಸಲಾದ ಶೇಕಡಾ 4ರಲ್ಲಿ 1 ಭಾಗವನ್ನು ಶ್ರವಣದೋಷವುಳ್ಳವರಿಗೆ ಕೊಟ್ಟಿತು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಾರಾ ಸನ್ನಿ ಎಂಬ ಕಿವುಡ ವಕೀಲೆ ಸಂಜ್ಞಾ ದುಭಾಷಿಯ ನೆರವಿನಿಂದ ಸರ್ವೋಚ್ಚ ನ್ಯಾಯಾಲಯದ ಮುಂದೆ ವಾದ ಮಂಡಿಸಿದರು. ಇದೆಲ್ಲ ಆದರೂ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಸಂಜ್ಞಾ ಭಾಷೆಗೆ ಸ್ಥಾನವಿಲ್ಲ. ನಮ್ಮ ತುಳುವಿಗೂ ಇಲ್ಲ ಎನ್ನುವುದು ಸಮಾಧಾನವಾಗಲಾರದು.

ಇನ್ನು ನಮ್ಮ ಊರಿನ ವಿಷಯ. 1980ರ ದಶಕದಲ್ಲಿ ಒಬ್ಬ ಹುಡುಗ ನಮ್ಮ ಶಾಲೆಯ ಒಂದನೆಯ ತರಗತಿಗೆ ಸೇರಿದ. ಹೆಸರು ಬೇಡ, ಅವನ ಜೊತೆಗಾರರು ಇದನ್ನೋದಿದೊಡನೆ ಗುರುತಿಸುತ್ತಾರೆ. ಮನೆಮಾತು ತುಳು. ಕರಿಹಲಗೆಯ ಮೇಲಿನ ಅಕ್ಷರಗಳನ್ನು ಅವನಷ್ಟು ದುಂಡಗೆ ಪ್ರತಿ ಮಾಡುವವರು ತರಗತಿಯಲ್ಲಿ ಇರಲಿಲ್ಲ. ಬರೆದುದರ ಅರ್ಥ ಮಾತ್ರ ಅವನನ್ನು ತಲಪುತ್ತಿರಲಿಲ್ಲ. ತಾಯಿಯ ಬಳಿ ಅವನಿಗಾಗಿ ಹತ್ತು-ಹನ್ನೆರಡು ಸನ್ನೆಗಳಿದ್ದವು. ಊಟ, ನಿದ್ದೆ, ದನ, ಮಳೆ, ಅಪ್ಪ ಬರುತ್ತಾರೆ, ಏಟು ಬೀಳುತ್ತದೆ, ಹೀಗೆ. ಇಷ್ಟರಿಂದ ಅನ್ನ ಬಡಿಸಬಹುದು, ಕಥೆ ಹೇಳಲಾಗದು. ಅಜ್ಜಿ ತೀರಿಕೊಂಡಾಗ ಏನಾಯಿತೆಂದು ಅವನಿಗೆ ತಿಳಿಸುವ ಭಾಷೆ ಆ ಮನೆಯಲ್ಲಿ ಇರಲಿಲ್ಲ. ತಿಂಗಳುಗಟ್ಟಲೆ ಅವನು ಅಜ್ಜಿಯ ಚಾಪೆಯನ್ನು ತೋರಿಸಿ ಕೈ ಅಲ್ಲಾಡಿಸಿ ಕೇಳುತ್ತಿದ್ದನೆಂದು ಆ ತಾಯಿ ನನ್ನೊಡನೆ ಹೇಳಿ ಕಣ್ಣೊರಸಿಕೊಂಡದ್ದು ನೆನಪಿದೆ.

ಎರಡು ವರ್ಷಗಳ ಬಳಿಕ ಅವನನ್ನು ದೂರದ ವಿಶೇಷ ವಸತಿ ಶಾಲೆಗೆ ಸೇರಿಸಿದರು. ಅಲ್ಲಿನ ಪಾಠ ಮಲಯಾಳದಲ್ಲಿ. ಜೊತೆಯ ಮಕ್ಕಳಿಂದ ಅವನಿಗೆ ಸಂಜ್ಞಾ ಭಾಷೆ ದೊರೆಯಿತು, ಒಂದೆರಡು ವರ್ಷಗಳಲ್ಲಿ ಹುಡುಗ ಅರಳಿಬಿಟ್ಟ. ಆದರೆ ಅವನು ಅಕ್ಷರ ಕಲಿತು ಮನೆಗೆ ಬರೆದ ಕಾರ್ಡು ಮಲಯಾಳದಲ್ಲಿತ್ತು. ತಂದೆಗೆ ಕನ್ನಡ ಮಾತ್ರ ಓದಲು ಬರುತ್ತಿತ್ತು. ಕಾರ್ಡನ್ನು ಹಿಡಿದು ಅವರು ನಮ್ಮ ಶಾಲೆಗೆ ಬರುವರು, ಮಲಯಾಳ ಬಲ್ಲ ಅಧ್ಯಾಪಕರು ಓದಿ ಹೇಳುವರು, ಉತ್ತರವನ್ನೂ ಬರೆದುಕೊಡುವರು. ಕಿವಿ ಕೇಳುವ ಗಡಿನಾಡ ಕನ್ನಡಿಗನಿಗೆ ಒಂದು ಗಡಿಯಾದರೆ ಈ ಹುಡುಗನಿಗೆ ಎರಡು ಗಡಿಗಳು.

ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಿಂದಲೇ ಹೇಳುತ್ತಿದೆ. ಇಂತಹ ಮಗುವಿನ ಮಾತೃಭಾಷೆ ಯಾವುದು? ತಾಯಿಯ ತುಳುವನ್ನು ಅದು ಕೇಳಿಲ್ಲ, ಶಾಲೆಯ ಕನ್ನಡವನ್ನೂ ಕೇಳಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲ ಭಾಷೆ ಸಂಜ್ಞಾ ಭಾಷೆ, ಅದರ ಮೂಲಕ ಕಲಿಸುವ ಬರಹದ ಭಾಷೆ ಮನೆಯವರು ಓದಬಲ್ಲ ಭಾಷೆ, ಅಂದರೆ ಇಲ್ಲಿನ ಕನ್ನಡ ಕುಟುಂಬಗಳಿಗೆ ಕನ್ನಡ. ಸಂಜ್ಞಾ ಭಾಷೆ ಗಟ್ಟಿಯಾದ ಮಗುವಿಗೆ ಆಮೇಲೆ ಮಲಯಾಳವೂ ಇಂಗ್ಲಿಷೂ ಭಾರವಾಗವು. ತಿರುವನಂತಪುರದಲ್ಲಿ 1997ರಲ್ಲಿ ಆರಂಭವಾದ ನಿಷ್ ಎಂಬ ವಾಕ್ ಶ್ರವಣ ಸಂಸ್ಥೆ ಕಿವುಡ ವಿದ್ಯಾರ್ಥಿಗಳಿಗಾಗಿ ಪದವಿ ತರಗತಿಗಳನ್ನು ನಡೆಸುತ್ತಿದೆ. 2021ರಲ್ಲಿ ಮಲಯಾಳ ಅಕ್ಷರಮಾಲೆಗೆ ಬೆರಳಿನ ಲಿಪಿಯನ್ನೂ ರೂಪಿಸಿತು. ಕನ್ನಡ ಅಲ್ಪಸಂಖ್ಯಾತರ ಬೇಡಿಕೆಗಳ ಪಟ್ಟಿಯಲ್ಲಿ ಕಾಸರಗೋಡಿನ ವಿಶೇಷ ಶಾಲೆಗಳಿಗೆ ಕನ್ನಡ ಬಲ್ಲ, ಸಂಜ್ಞಾ ಭಾಷೆ ಬಲ್ಲ ಅಧ್ಯಾಪಕರು ಬೇಕೆಂಬ ಒಂದು ಸಾಲು ಸೇರಲಿ. ಪಿ.ಎಸ್.ಸಿ. ನೇಮಕಾತಿಯ ಬಗ್ಗೆ ನಾವು ಕೊಡುವ ಮನವಿಗಳ ಉದ್ದಕ್ಕೆ ಒಂದು ಸಾಲು ಹೆಚ್ಚಾಗದು.

ಕಾಕ್ಲಿಯಾ ಜೋಡಣೆಯ ಬಗ್ಗೆ ಹಲವರು ಕೇಳುತ್ತಾರೆ. ನಾಶವಾದ ಕೇಶಕೋಶಗಳನ್ನು ಬಿಟ್ಟು ನೇರವಾಗಿ ಶ್ರವಣ ನರಕ್ಕೆ ವಿದ್ಯುತ್ ಸಂಕೇತ ಕಳುಹಿಸುವ ಸಾಧನ ಅದು. ಒಳಭಾಗವನ್ನು ಶಸ್ತ್ರಚಿಕಿತ್ಸೆಯಿಂದ ಇಡುತ್ತಾರೆ. ಹೊರಭಾಗವನ್ನು ಕಿವಿಯ ಹಿಂದೆ ಧರಿಸಬೇಕು. ಬಡ ಮಕ್ಕಳಿಗೆ ಉಚಿತವಾಗಿ ಇದನ್ನು ಮಾಡಿಸುವ ‘ಶ್ರುತಿತರಂಗಂ’ ಯೋಜನೆ ಕೇರಳದಲ್ಲಿದೆ. ಎಳೆಯ ವಯಸ್ಸಿನಲ್ಲಿ ಮಾಡಿಸಿ, ವರ್ಷಗಟ್ಟಲೆ ತರಬೇತಿ ಕೊಟ್ಟರೆ ಒಳ್ಳೆಯ ಫಲವನ್ನು ಕಂಡವರಿದ್ದಾರೆ. ಆದರೆ ಅದನ್ನು ಹಾಕಿಸಿದ ದಿನವೇ ಮಗು ಮಾತಾಡುವುದಿಲ್ಲ, ಎಲ್ಲ ಮಕ್ಕಳಿಗೂ ಫಲ ಒಂದೇ ಅಲ್ಲ, ಹೊರಯಂತ್ರ ಕೆಟ್ಟಾಗ ದುರಸ್ತಿಯ ಖರ್ಚು ಹಗುರವಲ್ಲ. ಮಾತು ಬರಬೇಕಾದರೆ ಸಂಜ್ಞೆ ಮಾಡಲೇಬಾರದೆಂದು ತಾಯಂದಿರ ಕೈ ಕಟ್ಟುವ ಸಲಹೆಯನ್ನು ನಾನು ಒಪ್ಪಲಾರೆ. ಅದು ಮಿಲಾನಿನ ಪ್ರತಿಧ್ವನಿ. ಎರಡು ಭಾಷೆಗಳು ಒಂದು ಮಗುವಿನಲ್ಲಿ ಜಗಳವಾಡುವುದಿಲ್ಲವೆಂಬುದನ್ನು ಕಾಸರಗೋಡಿನಲ್ಲಿ ಹುಟ್ಟಿದವರಿಗೆ ಬೇರೆಯವರು ಹೇಳಿಕೊಡಬೇಕೆ?

ಕುಟುಂಬಗಳಿಗೆ ನನ್ನ ಕೆಲವು ಸೂಚನೆಗಳು. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಶಿಶುವಿನ ಕಿವಿಯ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿರಿ. ಕೇರಳದ ಸರಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಈಗ ಆ ವ್ಯವಸ್ಥೆ ಇದೆ. ನಿದ್ರಿಸುವ ಮಗುವಿನ ಮೇಲೆ ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ಮುಗಿಯುವ ಪರೀಕ್ಷೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಪರಿಹಾರಕ್ರಮ ಎಂಬುದು ತಜ್ಞರ ಲೆಕ್ಕ. ‘ನಮ್ಮ ಮನೆತನದಲ್ಲಿ ಎಲ್ಲರಿಗೂ ಮಾತು ತಡ’ ಎನ್ನುವ ಅಜ್ಜಿಯಂದಿರ ಮಾತಿಗೆ ಈ ಒಂದು ವಿಷಯದಲ್ಲಿ ಕಿವಿಗೊಡಬೇಡಿರಿ. ಕಿವುಡನೊಡನೆ ಮಾತಾಡುವಾಗ ಬೆಳಕು ನಿಮ್ಮ ಮುಖದ ಮೇಲಿರಲಿ, ಬೊಬ್ಬೆ ಬೇಡ. ಹಿಂದಿನಿಂದ ಕರೆಯುವ ಬದಲು ಭುಜವನ್ನು ಮೆಲ್ಲಗೆ ತಟ್ಟಿರಿ. ಸಮಾರಂಭಗಳಲ್ಲಿ ಎಲ್ಲರೂ ನಕ್ಕ ಮೇಲೆ ‘ಏನು’ ಎಂದು ಕೇಳಿದವನಿಗೆ ‘ಮತ್ತೆ ಹೇಳುತ್ತೇನೆ’ ಎನ್ನದೆ ಆಗಲೇ ಹೇಳಿರಿ.

ಆ ಹುಡುಗ ಈಗ ಮಂಗಳೂರಿನ ಮುದ್ರಣಾಲಯವೊಂದರಲ್ಲಿ ಕೆಲಸಕ್ಕಿದ್ದಾರೆ, ಹುಡುಗನೆನ್ನುವಂತಿಲ್ಲ. ಅವರ ಪತ್ನಿಯೂ ಕಿವುಡರು. ವಿಡಿಯೋ ಕರೆ ಬಂದ ಮೇಲೆ ದೂರದಲ್ಲಿರುವ ಗೆಳೆಯರೊಡನೆ ಗಂಟೆಗಟ್ಟಲೆ ಹರಟುತ್ತಾರೆ. ಗ್ರಹಾಂ ಬೆಲ್ಲರ ಯಂತ್ರ ನೂರಕ್ಕೂ ಹೆಚ್ಚು ವರ್ಷ ಕಿವುಡರನ್ನು ಹೊರಗಿರಿಸಿ ಕೊನೆಗೆ ಅವರ ಭಾಷೆಗೂ ಒಲಿಯಿತು. ಹಳೆ ವಿದ್ಯಾರ್ಥಿಗಳ ನೋಂದಣಿಗಾಗಿ ಅವರು ಶಾಲೆಗೆ ಬಂದ ದಿನ ನಾನೂ ಅಲ್ಲಿದ್ದೆ. ಜೊತೆಗೆ ಅಜ್ಜಿಮನೆಯಲ್ಲಿದ್ದು ನಮ್ಮ ಶಾಲೆಯ ಮೂರನೆಯ ತರಗತಿಯಲ್ಲಿ ಓದುತ್ತಿರುವ ಮಗಳು. ಅವಳಿಗೆ ಕಿವಿ ಕೇಳುತ್ತದೆ. ಸಂಜ್ಞೆ, ತುಳು, ಕನ್ನಡ ಮೂರೂ ಸಲೀಸು. ಪಾಲಕರ ಸಭೆಯಲ್ಲಿ ಅಧ್ಯಾಪಕರು ಅವಳ ಮೇಲೆ ಹೇಳುವ ದೂರನ್ನು ಅಪ್ಪನಿಗೆ ಅನುವಾದಿಸುವವಳೂ ಅವಳೇ. ದೂರು ದಾರಿಯಲ್ಲಿ ಬಹಳ ಸಣ್ಣದಾಗುತ್ತದೆಂದು ಅಧ್ಯಾಪಕರ ಗುಮಾನಿ.

“ಮಾಷ್ಟ್ರೇ, ಅಪ್ಪ ಕೇಳ್ತಾ ಇದ್ದಾರೆ, ಮಹೋತ್ಸವದ ದಿನ ಭಾಷಣ ಎಷ್ಟು ಹೊತ್ತು?” ಎಂದಳು. ಎರಡು ಗಂಟೆಯಾದರೂ ಆದೀತು ಎಂದೆ. ಅವಳು ಕೈಯಾಡಿಸಿದಳು, ಅವರು ನಕ್ಕು ಏನೋ ಉತ್ತರಿಸಿದರು. “ಅಷ್ಟು ಹೊತ್ತು ನಾನು ಹೇಳಲಿಕ್ಕೆ ಆಗುದಿಲ್ಲ, ನನಗೆ ಡಾನ್ಸ್ ಉಂಟು” ಎಂದು ತನ್ನ ಮಾತನ್ನೂ ಸೇರಿಸಿಯೇ ಮಗು ಹೇಳಿತು.

ಎಂಟು ವರ್ಷದ ಮಗುವಿನ ಹೆಗಲ ಮೇಲೆ ಆ ಕೆಲಸ ಬೀಳಕೂಡದು. ಸಮಾರಂಭದ ಎರಡೂ ದಿನ ತರಬೇತಿ ಪಡೆದ ಸಂಜ್ಞಾ ದುಭಾಷಿಯೊಬ್ಬರನ್ನು ಕರೆಸುವಂತೆ ಮಹೋತ್ಸವ ಸಮಿತಿಗೆ ಬರೆದುಕೊಟ್ಟಿದ್ದೇನೆ, ಸಮಿತಿ ಒಪ್ಪಿದೆ. ವೇದಿಕೆಯ ಬಲಬದಿಯಲ್ಲಿ, ಧ್ವಜಸ್ತಂಭದ ಕಡೆಯ ಮೂಲೆಯಲ್ಲಿ ಅವರು ನಿಲ್ಲುವರು. ಸಭೆಯ ದೀಪಗಳನ್ನು ಆರಿಸಿದಾಗಲೂ ಅವರ ಕೈಗಳ ಮೇಲೆ ಬೆಳಕಿರುವಂತೆ ಪ್ರತ್ಯೇಕವಾಗಿ ಒಂದು ದೀಪವನ್ನು ಕಟ್ಟಬೇಕೆಂದು ಪೆಂಡಾಲಿನವರಿಗೆ ತಿಳಿಸಲಾಗಿದೆ.